ನೀಲಿ ರಟ್ಟಿನ ಎಂಬತ್ತಾರು ಪುಸ್ತಕ

ಬೈಂಡರ್ ಸತ್ತ ನಾಲ್ಕನೇ ತಿಂಗಳಿಗೆ ಅವನ ಹೆಂಡತಿಗೆ ಅದೇ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಅವನ ಜಾಗಕ್ಕೆ ಅಂತಲೇ ಕೊಟ್ಟರು. ಆದರೆ ಬೈಂಡಿಂಗ್ ಕೆಲಸ ಅಲ್ಲ. ಆ ಕೋಣೆಗೆ ಬೀಗ ಬಿದ್ದಿತ್ತು. ಹರಿದ ಪುಸ್ತಕ ಹೊಲಿಯುವವರು ಇನ್ನು ಬೇಡ, ಎಲ್ಲ ಕಂಪ್ಯೂಟರಿಗೆ ಏರಬೇಕು ಎಂದು ಮುಖ್ಯ ಕಚೇರಿಯವರು ಬರೆದಿದ್ದರು. ಅವಳಿಗೆ ಕೊಟ್ಟದ್ದು ಆ ಏರಿಸುವ ಕೆಲಸ. ಆರು ತಿಂಗಳ ಮಟ್ಟಿಗೆ. ಆರು ತಿಂಗಳು ಮುಗಿಯುವಾಗ ಲೈಬ್ರರಿಯನ್ ಮೇಡಂ ಒಂದು ವರದಿ ಬರೆಯಬೇಕು. ಕೆಲಸ ಸರಿಯಾಗಿ ಮುಗಿದಿದೆ ಎಂದು ಬರೆದರೆ ಕಾಯಂ. ಇಲ್ಲದಿದ್ದರೆ ಮನೆಗೆ.

ಮನೆಯಲ್ಲಿ ಅವಳು, ಅತ್ತೆ, ಇಬ್ಬರೇ. ದುಡಿಯುವ ಕೈ ಒಂದೇ.

ಅವಳು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಕನ್ನಡ ಓದುತ್ತಾಳೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಇಂಗ್ಲಿಷಿನಲ್ಲಿ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಮದುವೆಯಾಗಿ ಬಂದ ಮೇಲೆ ಅವಳ ಓದು ಎಂದರೆ ಗಂಡ ಮನೆಗೆ ತಂದ ಹರಕು ಪುಸ್ತಕಗಳ ಪುಟ ಜೋಡಿಸುವುದು. ಪುಟದ ನಂಬರ್ ನೋಡಿ ಜೋಡಿಸುತ್ತಿದ್ದಳು. ಅವನು ಹೊಲಿಯುತ್ತಿದ್ದ, ಇವಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಊರೆಲ್ಲ ಅವನನ್ನು ರಟ್ಟಣ್ಣ ಎಂದೇ ಕರೆಯುತ್ತಿತ್ತು. ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಇತ್ತು.

ಅವನು ಸತ್ತದ್ದು ಒಂದು ಮಧ್ಯಾಹ್ನ, ಕೆಲಸದ ಮೇಜಿನ ಮೇಲೆಯೇ ಒರಗಿಕೊಂಡು. ಕೈಗೆ ಅಂಟು ಮೆತ್ತಿತ್ತು. ಆಸ್ಪತ್ರೆಯವರು ಕೈ ಒರೆಸಿ ಕೊಟ್ಟರು. ಬೆರಳ ಸಂದಿಯ ಅಂಟು ಹೋಗಿರಲಿಲ್ಲ. ಆ ದಿನದ ಬೇರೆ ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ.

ಹೊಸ ಕೆಲಸ ಹೀಗಿತ್ತು. ಪುಸ್ತಕದ ಒಳಗೆ ಲೈಬ್ರರಿಯ ನಂಬರ್ ಚೀಟಿ ಅಂಟಿಸಬೇಕು. ಅದಕ್ಕೆ ಒಮ್ಮೆ ಸ್ಕ್ಯಾನರ್ ಹಿಡಿಯಬೇಕು. ಆಮೇಲೆ ಪುಸ್ತಕ ಮಗುಚಿ, ಹಿಂದಿನ ರಟ್ಟಿನ ಮೂಲೆಯಲ್ಲಿ ಕಪ್ಪು ಗೆರೆಗಳ ಚೌಕ ಇರುತ್ತದಲ್ಲ, ಅದಕ್ಕೆ ಹಿಡಿಯಬೇಕು. ಕುಂಯ್ ಅನ್ನುತ್ತದೆ. ಕಂಪ್ಯೂಟರ್ ಯಾವುದೋ ವೆಬ್‌ಸೈಟಿಗೆ ಹೋಗಿ, ಆ ಗೆರೆ ಯಾವ ಪುಸ್ತಕದ್ದು ಎಂದು ಹುಡುಕಿ, ಹೆಸರು, ಬರೆದವರು, ಪುಟ, ವರ್ಷ ಎಲ್ಲವನ್ನೂ ತಾನೇ ತಂದು ತುಂಬುತ್ತದೆ. ಹಸಿರು ಗುಂಡಿ ಬಂದರೆ ಒತ್ತುವುದು. ಕೆಂಪು ಬಂದರೆ ಪುಸ್ತಕ ಬೇರೆ ಇಡುವುದು. ಗೆರೆಯೇ ಇಲ್ಲದ ಹಳೆಯ ಪುಸ್ತಕವನ್ನೂ ಬೇರೆ ಇಡುವುದು. ಅವನ್ನು ಮೇಡಂ ತಾವೇ ಕೂತು ಟೈಪ್ ಮಾಡುತ್ತಾರೆ.

ಮೇಡಂ ಬಂದು ವರ್ಷ ಆಗಿರಲಿಲ್ಲ. ನಲವತ್ತರ ಹೆಂಗಸು. ಮಾತು ಕಡಿಮೆ, ಕೆಲಸ ಜಾಸ್ತಿ. ಲೈಬ್ರರಿಗಳಿಗೆ ಬೇಕಾಗುವ ವೆಬ್‌ಸೈಟುಗಳೇ ಅವರಿಗೆ ಇಪ್ಪತ್ತು ಮೂವತ್ತು ಗೊತ್ತಿದ್ದವು. ಗೆರೆ ನೋಡಿ ಹೆಸರು ಹೇಳುವುದು ಒಂದು. ಯಾವ ಊರಿನ ಲೈಬ್ರರಿಯಲ್ಲಿ ಯಾವ ಪುಸ್ತಕ ಇದೆ ಎಂದು ತೋರಿಸುವುದು ಇನ್ನೊಂದು. ಎಂಬತ್ತು ವರ್ಷದ ಹಿಂದಿನ ಪುಸ್ತಕವನ್ನು ಪುಟಪುಟವಾಗಿ ಫೋಟೋ ತೆಗೆದು ಇಟ್ಟಿರುವುದು ಮತ್ತೊಂದು. ಎಲ್ಲ ಪುಕ್ಕಟೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಹಾಳೆಯ ಮೇಲಿನ ಗಾಜನ್ನು ಅವಳು ದಿನಾ ಒರೆಸುತ್ತಿದ್ದಳು. ಓದಲು ಆಗುತ್ತಿರಲಿಲ್ಲ.

ಓದಲು ಆಗದು ಎಂದು ಅವಳು ಮೇಡಂಗೆ ಹೇಳಿರಲಿಲ್ಲ. ಮೇಡಂ ಕೇಳಿರಲಿಲ್ಲ.

ಐದು ತಿಂಗಳಲ್ಲಿ ಎರಡು ಸಾವಿರದ ಮುನ್ನೂರು ಪುಸ್ತಕ ಏರಿಸಿದಳು. ಸ್ಕ್ಯಾನರ್ ಹಿಡಿದ ಕೈಯ ಹೆಬ್ಬೆರಳು ದಡ್ಡುಗಟ್ಟಿತು. ದಿನದಲ್ಲಿ ಅವಳಿಗೆ ಹಿತವಾಗುತ್ತಿದ್ದ ಗಳಿಗೆ ಒಂದೇ. ಗಂಡ ಕಟ್ಟಿದ ಪುಸ್ತಕ ಕೈಗೆ ಬಂದ ಗಳಿಗೆ. ಬೇರೆ ಹಳೆಯ ಪುಸ್ತಕಗಳಿಗೆ ಗೆರೆ ಇರುವುದಿಲ್ಲ, ಇದ್ದರೂ ಕೆಂಪು ಬರುತ್ತದೆ. ಇವನ ಕೈಯ ಪುಸ್ತಕಕ್ಕೆ ಮಾತ್ರ ಕುಂಯ್ ಎಂದ ಕೂಡಲೇ ಹಸಿರು. ಎಷ್ಟು ಹಳೆಯದಾದರೂ ಹಸಿರು. ಅವಳಿಗೆ ಒಳಗೊಳಗೇ ಹೆಮ್ಮೆ. ನೋಡು, ನನ್ನ ಗಂಡನ ಕೆಲಸ ಯಾವ ಮೆಷಿನ್ನಿಗೂ ತಡೆಯಲ್ಲ ಅಂತ.

ಹಾಗೆ ಯಾಕೆ ಬರುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಅವಳ ತಪ್ಪು ಅದು.

ವರದಿಗೆ ಎಂಟು ದಿನ ಇರುವಾಗ ಮೇಡಂ ಒಂದು ಪಟ್ಟಿ ಪ್ರಿಂಟ್ ತೆಗೆದು ಕೊಟ್ಟರು. ಒಂದೇ ಪುಸ್ತಕ ಎರಡು ಮೂರು ಇದ್ದರೆ ಕಂಪ್ಯೂಟರೇ ಹುಡುಕಿ ತೋರಿಸುತ್ತದಂತೆ. ಒಂದು ಪುಸ್ತಕ ಎಂಬತ್ತಾರು ಪ್ರತಿ ಇದೆ ಎಂದು ತೋರಿಸಿತಂತೆ. ಕಂಪ್ಯೂಟರ್ ಕಲಿಯುವ ಪುಸ್ತಕ, ಅದೂ ಯಾವ ಕಾಲದ್ದೋ. ಹಿಂದಿನವರು ಒಂದು ಕಡೆ ಇಡುವುದು ಬಿಟ್ಟು ರ‍್ಯಾಕಿಗೆ ನಾಲ್ಕರಂತೆ ತುರುಕಿದ್ದಾರೆ ಎಂದು ಮೇಡಂ ಬೇಸರಪಟ್ಟುಕೊಂಡರು. ಪಟ್ಟಿಯ ನಂಬರ್ ನೋಡಿ ಅಷ್ಟನ್ನೂ ತೆಗೆದು ಕಟ್ಟು ಕಟ್ಟಲು ಹೇಳಿದರು. ಶನಿವಾರ ರದ್ದಿ ಲಾರಿ ಬರುತ್ತದೆ. ಕಚೇರಿಗೂ ತಿಳಿಸಿ ಆಗಿತ್ತು.

ಅವಳು ತಳ್ಳುಗಾಡಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಪಟ್ಟಿಯ ಮೊದಲನೇ ನಂಬರಿನ ಪುಸ್ತಕ ತೆಗೆದಳು. ಕನ್ನಡದ ಕಥೆ ಪುಸ್ತಕ. ಚೀಟಿ ನೋಡಿದಳು, ನಂಬರ್ ಸರಿ ಇದೆ. ಚೀಟಿ ಅದಲು ಬದಲು ಅಂಟಿಸಿಬಿಟ್ಟೆನಾ ಅನ್ನಿಸಿತು. ಎರಡನೇದು ತೆಗೆದಳು. ಯಾವುದೋ ರಾಜರ ಇತಿಹಾಸ. ಮೂರನೇದು ಹಸು ಎಮ್ಮೆಗಳ ರೋಗದ ಪುಸ್ತಕ. ನಾಲ್ಕನೇದು ಮಕ್ಕಳ ಪದ್ಯ. ಒಂದಕ್ಕೊಂದು ಸಂಬಂಧ ಇಲ್ಲ. ನಾಲ್ಕನ್ನೂ ನೆಲದ ಮೇಲೆ ಮಗುಚಿ ಇಟ್ಟಳು.

ನಾಲ್ಕರ ಹಿಂಬದಿಯೂ ನೀಲಿ. ಒಂದೇ ನೀಲಿ. ಮೂಲೆಯಲ್ಲಿ ಗೆರೆಯ ಚೌಕ.

ಅವಳು ಮೆಟ್ಟಿಲು ಸ್ಟೂಲಿನ ಮೇಲೆ ಕೂತುಬಿಟ್ಟಳು. ಎಲ್ಲ ಅರ್ಥವಾಯಿತು. ಒಂಬತ್ತು ವರ್ಷದ ಹಿಂದೆ ಮುಖ್ಯ ಕಚೇರಿಯಿಂದ ಆ ಕಂಪ್ಯೂಟರ್ ಪುಸ್ತಕ ನೂರು ಬಂದಿತ್ತು. ಯಾರೂ ಮುಟ್ಟಲಿಲ್ಲ. ಎರಡು ವರ್ಷಕ್ಕೆ ಹಳತಾಯಿತು, ರದ್ದಿಗೆ ಹಾಕಿ ಎಂದು ಕಚೇರಿಯವರೇ ಹೇಳಿದರು. ಹಾಳೆ ರದ್ದಿಗೆ ಹೋಯಿತು. ರಟ್ಟನ್ನು ರಟ್ಟಣ್ಣ ಬಿಚ್ಚಿ ಇಟ್ಟುಕೊಂಡ. ಆಗ ಅವನಿಗೆ ರಟ್ಟಿಗೂ ಬರ, ಬೈಂಡಿಂಗ್ ಬಟ್ಟೆಗೂ ಬರ. ಇಂಥ ಒಳ್ಳೆ ರಟ್ಟು ಕಸಕ್ಕೆ ಹಾಕಿದರೆ ಕೈ ಸೇದಿಹೋಗುತ್ತೆ ಎಂದು ಮನೆಯಲ್ಲಿ ಹೇಳಿದ್ದ. ಆಗಿನ ಲೈಬ್ರರಿಯನ್ ಸಾರ್ ಆಗಲಿ ಎಂದಿದ್ದರು. ಬಾಯಿಮಾತಿನಲ್ಲಿ. ಮುಂದಿನ ರಟ್ಟಿಗೆ ಬಟ್ಟೆ ಹೊದಿಸುತ್ತಿದ್ದ. ಹಿಂದಿನದಕ್ಕೆ ಬಟ್ಟೆ ಸಾಲುತ್ತಿರಲಿಲ್ಲ, ನೀಲಿ ಚೆನ್ನಾಗೇ ಇದೆ ಎಂದು ಹಾಗೇ ಬಿಡುತ್ತಿದ್ದ. ಅಳತೆಗೆ ಕೊಯ್ಯುವಾಗಲೂ ಆ ಮೂಲೆ ಉಳಿಸಿಕೊಂಡೇ ಕೊಯ್ಯುತ್ತಿದ್ದ, ಕಾರ್ಖಾನೆಯ ಮೂಲೆ ಬೇಗ ಜಜ್ಜುವುದಿಲ್ಲ ಎಂದು. ಆ ಮೂಲೆಯಲ್ಲೇ ಗೆರೆ ಇತ್ತು. ಯಾರಿಗೆ ಗೊತ್ತು, ಆ ಗೆರೆಗೂ ಒಂದು ದಿನ ಬಾಯಿ ಬರುತ್ತದೆ ಎಂದು.

ಮೇಡಂ ಮುಂದಿನ ಕೋಣೆಯಲ್ಲಿದ್ದರು. ಹದಿನೈದು ಹೆಜ್ಜೆ. ಅವಳು ಎದ್ದು ಬಾಗಿಲವರೆಗೆ ಹೋದಳು. ಅಲ್ಲಿಂದ ವಾಪಸು ಬಂದಳು.

ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದಳು. ಎಂಬತ್ತಾರು ತಪ್ಪು, ಅವಳ ಕೈಯದೇ. ಐದು ತಿಂಗಳ ಕೆಲಸವೆಲ್ಲ ಅನುಮಾನಕ್ಕೆ ಬೀಳುತ್ತದೆ. ಸರ್ಕಾರದ ರಟ್ಟು ಯಾರು ತೆಗೆದರು ಎಂಬ ಪ್ರಶ್ನೆ ಏಳುತ್ತದೆ. ಸತ್ತವನ ಜಾಗಕ್ಕೆ ಅಂತ ಕೊಟ್ಟ ಕೆಲಸ, ಸತ್ತವನ ಮೇಲೆಯೇ ತಪ್ಪು ಬಂದರೆ ಉಳಿಯುತ್ತದಾ? ಹೇಳದಿದ್ದರೆ ಏನೂ ಆಗುವುದಿಲ್ಲ. ಲಾರಿ ಬರುತ್ತದೆ, ಹೋಗುತ್ತದೆ. ಕಂಪ್ಯೂಟರಿನಲ್ಲೂ ಸರಿ, ರ‍್ಯಾಕಿನಲ್ಲೂ ಸರಿ.

ಸಂಜೆ ಅತ್ತೆಗೆ ಹೇಳಿದಳು. ಅತ್ತೆ ಎಪ್ಪತ್ತು ದಾಟಿದವಳು. ಮಗ ಹೋದ ಮೇಲೆ ಅವಳ ಮಾತು ಇನ್ನಷ್ಟು ಖಾರವಾಗಿತ್ತು. ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು, ತನ್ನ ಮಗ ಕದ್ದನಾ ಎಂದು. ಕದ್ದಿಲ್ಲ, ಕಸಕ್ಕೆ ಹೋಗುವುದನ್ನು ಉಳಿಸಿದರು ಎಂದಳು ಇವಳು.

“ಮತ್ತೆ ನೀನ್ಯಾಕೆ ಮುಖ ಇಳಿಬಿಟ್ಕೊಂಡಿದೀಯ? ಸುಮ್ಮನಿರು.”

“ಅವರು ಕಟ್ಟಿದ ಪುಸ್ತಕ ಎಲ್ಲಾ ರದ್ದಿಗೆ ಹೋಗುತ್ತೆ ಅತ್ತೆ.”

“ಹೋಗಲಿ ಬಿಡು. ಕಟ್ಟಿದೋನೇ ಹೋದ. ಪುಸ್ತಕ ಹೋದ್ರೆ ಪುಸ್ತಕ. ಕೆಲಸ ಹೋದ್ರೆ ಏನು ತಿಂತೀಯ, ರಟ್ಟಾ?”

ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮಾರನೆಯ ದಿನದಿಂದ ಪುಸ್ತಕ ತೆಗೆದಳು. ಮೇಡಂ ಚಪ್ಪಲಿ ಸದ್ದು ಕೇಳಿದರೆ ಗಾಡಿಯ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಯಾರಾದರೂ ಓದುಗರು ಹಿಂದಿನ ಕೋಣೆಗೆ ಬಂದರೆ ಧೂಳು ಇದೆ, ಆಚೆ ಇರಿ ಎನ್ನುತ್ತಿದ್ದಳು. ಹತ್ತು ಹತ್ತು ಜೋಡಿಸಿ ಹಗ್ಗ ಬಿಗಿದಳು. ಹೆಸರು ಕಾಣದಂತೆ ನೀಲಿ ಮೇಲೆ ಬರುವ ಹಾಗೆ ಇಟ್ಟಳು. ಶುಕ್ರವಾರ ಬೆಳಿಗ್ಗೆಗೆ ಎಂಟು ಕಟ್ಟು ಮುಗಿದಿತ್ತು. ಒಂಬತ್ತನೆಯದು ಆರು ಪುಸ್ತಕದ್ದು.

ಎರಡು ದಿನ ಕಾಣಿಸದಿದ್ದ ಪೋಸ್ಟ್‌ಮ್ಯಾನ್ ಅಜ್ಜ ಹನ್ನೊಂದು ಗಂಟೆಗೆ ಬಂದರು. ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಗಿದ್ದರೂ ಜನ ಅವರನ್ನು ಹಾಗೇ ಕರೆಯುತ್ತಿದ್ದರು. ದಿನಾ ಬಂದು ಕಿಟಕಿಯ ಪಕ್ಕ ಕೂತು ಹಡಗಿನ ಪ್ರಯಾಣದ ಒಂದು ದಪ್ಪ ಪುಸ್ತಕ ಓದುವವರು. ಮೂರನೇ ಸಲ ಓದುತ್ತಿದ್ದರು. ರ‍್ಯಾಕಿನಲ್ಲಿ ತಡಕಾಡಿ, ಸಿಗದೆ, ಅವಳ ಹತ್ತಿರ ಬಂದರು. ಸೋಮವಾರ ಮಂಡಿಯ ಆಪರೇಷನ್ ಇದೆ, ಒಂದು ತಿಂಗಳು ಹಾಸಿಗೆ, ಈ ಸಲ ಮನೆಗೇ ಒಯ್ಯುತ್ತೇನೆ ಎಂದರು.

“ಇನ್ನೂ ಎಂಬತ್ತು ಪುಟ ಇದೆ ಮಗಳೇ. ಆಪರೇಷನ್ನಲ್ಲಿ ಡಾಕ್ಟರು ಏನಾದ್ರೂ ಮಾಡ್ಕೊಳ್ಳಲಿ. ಹಡಗು ದಡ ಸೇರೋದು ನೋಡದೆ ನಾನು ಸಾಯಲ್ಲ.”

“ಎರಡು ಸಲ ಸೇರಿದೆಯಲ್ಲ ಅಜ್ಜ.”

“ಸೇರಿದ್ದೇ ಮರೆತುಹೋಗಿದೆ. ಅದಕ್ಕೇ ಓದೋದು. ಎಲ್ಲಿಟ್ಟಿದೀಯ? ನಿನ್ನ ಗಂಡ ಎರಡು ಸಲ ಹೊಲಿದ, ನಾನು ಎರಡು ಸಲ ಹರಿದೆ, ಅದೇ ಅದು.”

ಅದು ನಾಲ್ಕನೇ ಕಟ್ಟಿನಲ್ಲಿತ್ತು. ಕೆಳಗಿನಿಂದ ಮೂರನೆಯದು. ಅವಳಿಗೆ ಗೊತ್ತಿತ್ತು.

ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ಅಜ್ಜ ಬೇರೊಂದು ಪುಸ್ತಕ ಒಯ್ಯುತ್ತಿದ್ದರು. ಮನೆಗೆ ಕೊಡಬೇಕೆಂದರೆ ಮೇಡಂ ಮೇಜಿಗೆ ಹೋಗಬೇಕು, ಮೇಡಂ ಸ್ಕ್ಯಾನರ್ ಹಿಡಿಯುತ್ತಾರೆ, ಪರದೆಯ ಮೇಲೆ ಬೇರೆ ಹೆಸರು ಬರುತ್ತದೆ. ಅಜ್ಜ ಕೋಲಿನ ಮೇಲೆ ಭಾರ ಹಾಕಿ ಕಾಯುತ್ತಾ ನಿಂತಿದ್ದರು. ಕುಳಿತುಕೊಳ್ಳಿ ಎಂದಳು. ಕಟ್ಟಿನ ಹಗ್ಗ ಬಿಚ್ಚಿದಳು. ಅವಳೇ ಬಿಗಿದ ಗಂಟು, ಬೇಗ ಬಿಚ್ಚಲಿಲ್ಲ, ಹಲ್ಲು ಹಾಕಿದಳು. ಪುಸ್ತಕ ತೆಗೆದು, ಅಜ್ಜನ ಕೈಗೆ ಕೊಡದೆ, ತಾನೇ ಮೇಡಂ ಮೇಜಿಗೆ ತೆಗೆದುಕೊಂಡು ಹೋದಳು.

ಮೇಡಂ ಸ್ಕ್ಯಾನರ್ ಹಿಡಿದರು. ಪರದೆ ನೋಡಿ ಅಜ್ಜನ ಕಡೆ ತಿರುಗಿ, ಏನು, ಈ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯುತ್ತೀರಾ ಎಂದು ನಕ್ಕರು. ಕಲಿಯಬಾರದು ಅಂತ ಕಾನೂನಿದೆಯಾ ಎಂದರು ಅಜ್ಜ. ಆಮೇಲೆ ಮೇಡಂ ಪುಸ್ತಕದ ಮುಂಬದಿ ನೋಡಿದರು. ಮಗುಚಿದರು. ಮತ್ತೆ ಪರದೆ ನೋಡಿದರು. ನಗು ಇಳಿಯಿತು.

“ಮೇಡಂ, ಆ ಎಂಬತ್ತಾರೂ ಹೀಗೇ,” ಎಂದಳು ಅವಳು. “ಹಿಂದಿನ ರಟ್ಟು ಮಾತ್ರ ಕಂಪ್ಯೂಟರ್ ಪುಸ್ತಕದ್ದು. ಒಳಗೆಲ್ಲ ಬೇರೆ ಬೇರೆ. ನಮ್ಮವರು ಹಾಕಿದ ರಟ್ಟು.”

ಮೇಡಂ ಕೈಯಿಂದಲೇ ಒಂದು ಹಳೆ ರಿಜಿಸ್ಟರಿನಲ್ಲಿ ಬರೆದು ಪುಸ್ತಕ ಅಜ್ಜನಿಗೆ ಕೊಟ್ಟು ಕಳಿಸಿದರು. ಆಮೇಲೆ ಎದ್ದು ಹಿಂದಿನ ಕೋಣೆಗೆ ಬಂದರು. ಕಟ್ಟುಗಳನ್ನು ನೋಡಿದರು. ಒಂದು ಬಿಚ್ಚಿಸಿದರು, ಇನ್ನೊಂದು ಬಿಚ್ಚಿಸಿದರು. ಅವಳು ಏರಿಸಿದ ಪುಸ್ತಕಗಳ ವಿವರವೆಲ್ಲ ನಲವತ್ತು ಲೈಬ್ರರಿಗಳು ನೋಡುವ ಒಂದು ವೆಬ್‌ಸೈಟಿಗೆ ಹೋಗಿ ಆಗಿತ್ತು. ಕಚೇರಿಗೆ ಎಂಬತ್ತಾರು ರದ್ದಿ ಎಂದು ಸಹಿ ಮಾಡಿ ಕಳಿಸಿದವರು ಅವರೇ.

“ಹೆಸರು ಬೇರೆ ಬರ್ತಿದೆ ಅಂತ ಒಂದು ಸಲಾನಾದ್ರೂ ಓದಿ ನೋಡ್ಲಿಲ್ವಾ?”

“ಇಂಗ್ಲಿಷಲ್ಲಿ ಬರುತ್ತೆ ಮೇಡಂ. ನಂಗೆ ಬರಲ್ಲ. ಹಸಿರು ಬಂದ್ರೆ ಒತ್ತಿ ಅಂದ್ರಿ, ಒತ್ತಿದೆ.”

“ಬರಲ್ಲ ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೆಲಸ ಕೊಡ್ತಿದ್ರಾ?”

ಮೇಡಂ ಬಿಚ್ಚಿದ ಕಟ್ಟಿನಿಂದ ಒಂದು ಪುಸ್ತಕ ಎತ್ತಿಕೊಂಡರು. ಇದು ಯಾವಾಗ ಗೊತ್ತಾಯಿತು ಎಂದು ಕೇಳಿದರು. ಮಂಗಳವಾರ ಎಂದಳು. ಇವತ್ತು ಶುಕ್ರವಾರ ಎಂದರು ಮೇಡಂ. ಹೌದು ಎಂದಳು. ಅಷ್ಟೇ. ಬಯ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವಳಿಗೆ.

ಲಾರಿಯವನಿಗೆ ಫೋನ್ ಮಾಡಿ ಬರಬೇಡ ಎಂದರು. ವರದಿಗೆ ಐದು ದಿನ ಉಳಿದಿತ್ತು. ಮೇಡಂ ಗಾಜಿನ ಕೆಳಗಿನ ಹಾಳೆ ಹೊರಗೆ ತೆಗೆದರು. ಅದರ ಪಕ್ಕದಲ್ಲಿ ಒಂದೊಂದು ವೆಬ್‌ಸೈಟ್ ಏನು ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದರು. ಫೋನಿನಲ್ಲಿ ಮೈಕಿನ ಗುರುತು ತೋರಿಸಿದರು. ಅದನ್ನು ಒತ್ತಿ, ಪುಸ್ತಕದ ಒಳಪುಟದಲ್ಲಿರುವ ಹೆಸರು ಓದಿ ಹೇಳಿದರೆ ಫೋನೇ ಬರೆಯುತ್ತದೆ. ಬರೆದದ್ದು ಆ ನಲವತ್ತು ಲೈಬ್ರರಿಗಳ ವೆಬ್‌ಸೈಟಿಗೆ ಹೋಗುತ್ತದೆ. ಬೇರೆಯವರ ಹತ್ತಿರ ಅದೇ ಪುಸ್ತಕ ಇದ್ದರೆ ಅವರು ಬರೆದ ವಿವರ ಬರುತ್ತದೆ. ಪುಟ, ವರ್ಷ ಹೋಲಿಸಿ ನೋಡಬೇಕು. ಅಂಕಿ ತಾನೇ, ನಿಮಗೆ ಬರುತ್ತದೆ ಎಂದರು. ಯಾರ ಹತ್ತಿರವೂ ಇಲ್ಲದಿದ್ದರೆ ಹಳೆಯ ಪುಸ್ತಕಗಳ ಫೋಟೋ ಇರುವ ಕಡೆ ನೋಡಬೇಕು. ಅಲ್ಲಿ ಒಳಪುಟದ ಚಿತ್ರವೇ ಇರುತ್ತದೆ. ಕೈಯಲ್ಲಿರುವ ಪುಟವನ್ನು ಪರದೆಯ ಪಕ್ಕ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು.

ಫೋನಿಗೆ ಮಾತಾಡಲು ಮೊದಲು ನಾಚಿಕೆಯಾಯಿತು. ಹಾಳೆಯ ಮೇಲೆ ಬೆರಳಿಟ್ಟು, ಮೆಲ್ಲಗೆ, ಒಂದೊಂದೇ ಪದ ಹೇಳಿದಳು. ಪದ ಪರದೆಯ ಮೇಲೆ ಮೂಡಿತು. ಅವಳು ಹೇಳಿದ್ದೇ ಮೂಡಿತು.

ಆದರೆ ಎಂಬತ್ತಾರರಲ್ಲೇ ಮುಗಿಯಲಿಲ್ಲ. ರಟ್ಟಣ್ಣ ಉಳಿಸಿಟ್ಟ ರಟ್ಟು ಆ ಒಂದು ಪುಸ್ತಕದ್ದೇ ಎಂದೇನಿಲ್ಲ. ಅಲ್ಲೊಂದು ಇಲ್ಲೊಂದು ಬೇರೆ ರಟ್ಟೂ ಹಾಕಿದ್ದು ಅವಳಿಗೆ ನೆನಪಿತ್ತು. ಹಸಿರು, ಕಂದು, ಚುಕ್ಕೆಯದು. ಅವು ಒಂದೊಂದೇ ಇರುವುದರಿಂದ ಕಂಪ್ಯೂಟರ್ ಹಿಡಿಯಲಿಲ್ಲ. ಎರಡು ಸಾವಿರದ ಮುನ್ನೂರರಲ್ಲಿ ಅವು ಯಾವುವು? ಯಾವ ವೆಬ್‌ಸೈಟಿಗೂ ಗೊತ್ತಿಲ್ಲ. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು.

ಅವಳು ಒಂದು ರ‍್ಯಾಕಿನ ಮುಂದೆ ನಿಂತು ಪುಸ್ತಕ ತೆಗೆದು ನಡುಮಧ್ಯೆ ಬಿಡಿಸಿ ಹೊಲಿಗೆ ನೋಡಿದಳು. ಇದು ಹೊರಗಿನ ಬೈಂಡರ್ ಮಾಡಿದ್ದು ಎಂದು ಒಳಗಿಟ್ಟಳು. ಇನ್ನೊಂದು ತೆಗೆದಳು. ಇದು ನಮ್ಮವರದು ಎಂದಳು. ಹೇಗೆ ಗೊತ್ತು ಎಂದರು ಮೇಡಂ. ಎಲ್ಲರೂ ಕೊನೆಯ ತೂತಿಗೆ ಗಂಟು ಹಾಕುತ್ತಾರೆ, ಅವರು ಒಂದು ತೂತು ಹಿಂದೆ ಬಂದು ಹಾಕುತ್ತಿದ್ದರು, ದಾರದ ಆ ತುದಿ ನನ್ನ ಕೈಯಲ್ಲಿ ಇರುತ್ತಿತ್ತು ಎಂದಳು.

ಐದು ದಿನ ಬೆಳಗಿನಿಂದ ಬಾಗಿಲು ಹಾಕುವವರೆಗೆ ಮಾಡಿದರು. ಎಂಬತ್ತಾರು ಸರಿಯಾದವು. ಗೆರೆಗಳ ಮೇಲೆ ಬಿಳಿ ಚೀಟಿ ಅಂಟಿಸಿದಳು, ಇನ್ನೊಬ್ಬರು ಮೋಸ ಹೋಗದ ಹಾಗೆ. ಇಪ್ಪತ್ತೆರಡು ರ‍್ಯಾಕಿನಲ್ಲಿ ಮೂರು ನೋಡಿ ಆಯಿತು. ಮೂರರಲ್ಲಿ ಇನ್ನೂ ಮೂವತ್ತೊಂದು ಸಿಕ್ಕವು. ಸಿಕ್ಕಷ್ಟೂ ಅವಳ ಭಯ ಹೆಚ್ಚಿತು.

ವರದಿಯ ದಿನ ಕಚೇರಿಯ ಸಾಹೇಬರೇ ಫೋನ್ ಮಾಡಿದರು. ಅವಳು ಬಾಗಿಲ ಹತ್ತಿರ ಬಟ್ಟೆ ಹಿಡಿದು ನಿಂತಿದ್ದಳು. ಆ ಕಡೆಯ ಮಾತು ಕೇಳುತ್ತಿರಲಿಲ್ಲ. ಮೇಡಂ ಮಾತು ಮಾತ್ರ.

“ಮುಗಿದಿಲ್ಲ ಸಾರ್... ಚೆಕ್ ಮಾಡಬೇಕಾದವಳು ನಾನೇ, ಮಾಡ್ಲಿಲ್ಲ... ಬೇರೆಯವರನ್ನ ಹಾಕಿದ್ರೆ ಆಗಲ್ಲ ಸಾರ್. ಯಾವ ಪುಸ್ತಕ ಅಂತ ಅವರಿಗೆ ಬಿಟ್ರೆ ಯಾರಿಗೂ ಗೊತ್ತಾಗಲ್ಲ... ಮೂರು ತಿಂಗಳು ಬೇಕು.”

ಆಮೇಲೆ ಬಹಳ ಹೊತ್ತು ಮೇಡಂ ಹ್ಞೂಂ, ಹ್ಞೂಂ ಅಂದರು. ಅವಳ ಕೈಯ ಬಟ್ಟೆ ಮುದ್ದೆಯಾಯಿತು. ಫೋನ್ ಇಟ್ಟು ಮೇಡಂ ಹೇಳಿದರು. ಕಾಯಂ ಮಾಡಿಲ್ಲ. ತೆಗೆದೂ ಇಲ್ಲ. ಇನ್ನು ಮೂರು ತಿಂಗಳು. ರಟ್ಟಿನ ವಿಷಯ ಬರಹದಲ್ಲಿ ಕೇಳುತ್ತಾರಂತೆ. ಕೇಳಿದಾಗ ನೋಡೋಣ, ಹಳೆಯ ಲೈಬ್ರರಿಯನ್ ಸಾರ್ ಹತ್ತಿರ ನಾನೇ ಹೋಗಿ, ರಟ್ಟು ಇಟ್ಟುಕೊಳ್ಳಲು ಅವರು ಒಪ್ಪಿದ್ದರು ಎಂದು ಒಂದು ಕಾಗದ ಬರೆಸಿಕೊಂಡು ಬರುತ್ತೇನೆ ಎಂದರು. ಆ ಸಾರ್ ಬರೆದು ಕೊಡುತ್ತಾರೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೂತಿದ್ದಳು. ಮುಖ ನೋಡಿ ನೀರು ತಂದು ಕೊಟ್ಟಳು. ಇವಳು ಕುಡಿದು, ಇದ್ದದ್ದು ಇದ್ದ ಹಾಗೆ ಹೇಳಿದಳು.

“ಮೂರು ತಿಂಗಳಾದ ಮೇಲೆ?”

“ಗೊತ್ತಿಲ್ಲ ಅತ್ತೆ.”

ಅತ್ತೆ ಖಾಲಿ ಲೋಟ ತೆಗೆದುಕೊಂಡಳು.

“ಅವನು ಕಟ್ಟಿದ್ದು ಇನ್ನೂ ಎಷ್ಟಿದೆ ಅಲ್ಲಿ?”

“ಹತ್ತೊಂಬತ್ತು ರ‍್ಯಾಕು ನೋಡಬೇಕು.”

“ನಿಧಾನಕ್ಕೆ ನೋಡು,” ಎಂದಳು ಅತ್ತೆ. “ಅವಸರ ಮಾಡ್ಬೇಡ.”